ಟರ್ಮಿನಲ್ಲಿನ ಕೆಂಪು ಗುಲಾಬಿಯಾದದ್ದು ಹೇಗೆ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ – ಈ ಯಾವುದೇ ಊರಿನ ಒಂದು ಗಣಕ ಪ್ರಯೋಗಾಲಯವನ್ನು ಊಹಿಸಿಕೊಳ್ಳಿ. ವಿದ್ಯಾರ್ಥಿನಿಯೊಬ್ಬಳು ವಿಷುಯಲ್ ಸ್ಟುಡಿಯೋ ಕೋಡ್ ಎಂಬ ಎಡಿಟರಿನಲ್ಲಿ ತನ್ನ ಪ್ರೋಗ್ರಾಂ ಓಡಿಸುತ್ತಾಳೆ. ಕೆಳಗಿನ ಟರ್ಮಿನಲ್ ಕಿಟಕಿಯಲ್ಲಿ ತಪ್ಪುಗಳು ಕೆಂಪು ಅಕ್ಷರದಲ್ಲಿ ಬರಬೇಕು. ಹೋದ ವಾರ ಹಾಗೆಯೇ ಬಂದಿದ್ದವು. ಇಂದು ಅವು ಮಾಸಿದ ಗುಲಾಬಿ ಬಣ್ಣದಲ್ಲಿವೆ. ಮಸುಕು ಬೂದು ಬಣ್ಣದಲ್ಲಿರುತ್ತಿದ್ದ ಸೂಚನೆಗಳು ಆಕೆಯೇ ಟೈಪು ಮಾಡಿದ ಅಕ್ಷರಗಳಷ್ಟು ಸ್ಪಷ್ಟವಾಗಿ ಕಾಣುತ್ತಿವೆ. ಪ್ರೋಗ್ರಾಂ ಬದಲಾಗಿಲ್ಲ, ಥೀಮ್ ಬದಲಾಗಿಲ್ಲ. ಆದದ್ದು ಒಂದೇ: ಎಡಿಟರು ಹೊಸ ಆವೃತ್ತಿಗೆ ಏರಿದೆ. ಆಕೆ ಥೀಮ್ ತೆಗೆದು ಹಾಕುತ್ತಾಳೆ, ಎಡಿಟರನ್ನೇ ತೆಗೆದು ಮತ್ತೆ ಸ್ಥಾಪಿಸುತ್ತಾಳೆ. ಪ್ರಾಯೋಗಿಕ ಅವಧಿಯ ಅರ್ಧ ಗಂಟೆ ಹೀಗೆಯೇ ಕಳೆಯುತ್ತದೆ.

ಇದು ಕೇವಲ ಊಹೆಯ ಮಾತಲ್ಲ. 2015ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಈ ಎಡಿಟರಿನಲ್ಲಿ 2022ರಲ್ಲಿ ನಡೆದ ಒಂದು ಬದಲಾವಣೆ ಅನೇಕ ದೇಶಗಳ ಬಳಕೆದಾರರನ್ನು ಇದೇ ರೀತಿ ಗೊಂದಲಕ್ಕೆ ಕೆಡವಿತು. ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವೆ ಕನಿಷ್ಠ ಇಷ್ಟು ವ್ಯತ್ಯಾಸ ಇರಲೇಬೇಕು ಎಂದು ಹೇಳುವ ‘ಮಿನಿಮಮ್ ಕಾಂಟ್ರಾಸ್ಟ್ ರೇಷಿಯೋ’ ಎಂಬ ಆಯ್ಕೆ ಅದರಲ್ಲಿ ಮೊದಲೇ ಇತ್ತು; ಆದರೆ ಅದರ ಬೆಲೆ 1, ಅಂದರೆ ‘ಏನನ್ನೂ ಮಾಡಬೇಡ’ ಎಂದಿತ್ತು. 2022ರಲ್ಲಿ ಈ ಪೂರ್ವನಿಯೋಜಿತ ಬೆಲೆಯನ್ನು 4.5ಕ್ಕೆ ಏರಿಸಲಾಯಿತು. ಅಂದಿನಿಂದ, ಯಾರೂ ಕೇಳದಿದ್ದರೂ, ಎಡಿಟರು ಸರಿಯಾಗಿ ಕಾಣದ ಬಣ್ಣಗಳನ್ನು ತಾನೇ ತಿದ್ದಿ ತೋರಿಸತೊಡಗಿತು. ಹಳೆಯ ಆವೃತ್ತಿಯಲ್ಲೇ ವರ್ಷಗಟ್ಟಲೆ ನಿಂತ ಗಣಕಗಳಿರುವ ಪ್ರಯೋಗಾಲಯಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಥವು ಒಮ್ಮೆಲೇ ಹೊಸ ಆವೃತ್ತಿಗೆ ಜಿಗಿದಾಗ ಈ ಒಗಟು ಇಂದಿಗೂ ಹೊಸದಾಗಿಯೇ ಎದುರಾಗುತ್ತದೆ.

ಈ ಬದಲಾವಣೆ ಒಳ್ಳೆಯದೋ ಕೆಟ್ಟದ್ದೋ? ‘ಬೆಲೆಯನ್ನು 1ಕ್ಕೆ ಇಳಿಸಿ, ಮುಗಿಯಿತು’ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಆ ಉತ್ತರವೂ ನನಗೆ ಒಪ್ಪಿಗೆಯಿಲ್ಲ. ಎಡಿಟರು ಮಾಡಿದ ರೀತಿಯೂ ಒಪ್ಪಿಗೆಯಿಲ್ಲ. ಏಕೆಂದು ವಿವರಿಸುತ್ತೇನೆ. ಇದರಲ್ಲಿ ಪದವಿಪೂರ್ವ ತರಗತಿಯ ಭೌತವಿಜ್ಞಾನಕ್ಕಿಂತ ಹೆಚ್ಚಿನದೇನೂ ಇಲ್ಲ.

ಬಣ್ಣವಲ್ಲ, ಬಣ್ಣದ ಸಂಖ್ಯೆ

ಟರ್ಮಿನಲ್ಲಿಗೆ ಪ್ರೋಗ್ರಾಂ ಕಳುಹಿಸುವುದು ಬಣ್ಣವನ್ನಲ್ಲ. ಎಸ್ಕೇಪ್ ಎಂಬ ಕಣ್ಣಿಗೆ ಕಾಣದ ಚಿಹ್ನೆ (ಅದರ ಸಂಖ್ಯೆ 27), ಒಂದು ಚೌಕ ಆವರಣ, 31 ಎಂಬ ಅಂಕಿ, ಕೊನೆಗೆ ಇಂಗ್ಲಿಷಿನ ಚಿಕ್ಕ ‘ಎಂ’ ಅಕ್ಷರ – ಇಷ್ಟು ಬಂದರೆ ‘ಇನ್ನು ಮುಂದಿನದು ಕೆಂಪು’ ಎಂದು ಅರ್ಥ. 30ರಿಂದ 37ರವರೆಗೆ ಎಂಟು ಬಣ್ಣಗಳು. ಈ ಸಂಕೇತ ಪದ್ಧತಿಯ ಮೂಲ ಇಸಿಎಂಎ-48 ಎಂಬ ಮಾನಕ. ಅದರ ಮೊದಲ ಆವೃತ್ತಿ ಬಂದದ್ದು 1976ರಲ್ಲಿ. ಈ ಬಗೆಯ ಸಂಕೇತಗಳನ್ನು ಜನಪ್ರಿಯಗೊಳಿಸಿದ್ದು 1978ರ ವಿಟಿ-100 ಟರ್ಮಿನಲ್. ಸ್ವಾರಸ್ಯವೆಂದರೆ ಆ ಯಂತ್ರಕ್ಕೆ ಬಣ್ಣವೇ ಇರಲಿಲ್ಲ! ಮಾನಕವು ‘31 ಎಂದರೆ ಕೆಂಪು’ ಎನ್ನುತ್ತದೆಯೇ ಹೊರತು ಯಾವ ಕೆಂಪು, ಎಷ್ಟು ಕೆಂಪು ಎಂದು ಹೇಳುವುದಿಲ್ಲ. ಅದನ್ನು ತೀರ್ಮಾನಿಸುವುದು ತೋರಿಸುವ ಯಂತ್ರ.

ಬೆಟಗೇರಿಯ ಮಗ್ಗಗಳನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಚೌಕಳಿ ಹಾಳೆಯ ಮೇಲಿನ ವಿನ್ಯಾಸದಲ್ಲಿ ಯಾವ ಮನೆಗೆ ಯಾವ ನೂಲು ಎಂಬುದಷ್ಟೇ ಇರುತ್ತದೆ. ಅದೇ ವಿನ್ಯಾಸಕ್ಕೆ ಒಂದು ಸೀರೆಯಲ್ಲಿ ಕುಂಕುಮ ಬಣ್ಣದ ನೂಲು ಕೂಡಬಹುದು, ಇನ್ನೊಂದರಲ್ಲಿ ದಾಳಿಂಬೆಯದು. ಹಾಳೆ ಪ್ರೋಗ್ರಾಂ ಇದ್ದಂತೆ, ನೂಲಿನ ಆಯ್ಕೆ ಥೀಮ್ ಇದ್ದಂತೆ. ಕೊಳ್ಳುವವರು ಸೀರೆಯನ್ನು ಅಂಗಡಿಯ ಟ್ಯೂಬ್‌ಲೈಟಿನಿಂದ ಬಾಗಿಲ ಬಿಸಿಲಿಗೆ ಒಯ್ದು ನೋಡುತ್ತಾರಲ್ಲ, ಆ ಸಂಗತಿಗೆ ಮುಂದೆ ಬರೋಣ.

ತೋರಿಸುವ ಯಂತ್ರ ಬಣ್ಣವನ್ನು ತಿದ್ದುವುದೂ ಹೊಸದಲ್ಲ. 1981ರ ಐಬಿಎಂ ಗಣಕದ 16 ಬಣ್ಣಗಳಲ್ಲಿ ಆರನೆಯದು ಲೆಕ್ಕದ ಪ್ರಕಾರ ಕಂದಿದ ಹಳದಿಯಾಗಬೇಕಿತ್ತು. ಅದು ನೋಡಲು ಹಿತವಾಗಿಲ್ಲವೆಂದು ಆ ಕಂಪನಿಯ ಬಣ್ಣದ ಮಾನಿಟರಿನ ಒಳಗೇ ಒಂದು ಚಿಕ್ಕ ಮಂಡಲವಿಟ್ಟು, ಆ ಒಂದು ಸಂಖ್ಯೆ ಬಂದಾಗ ಮಾತ್ರ ಹಸುರನ್ನು ತಗ್ಗಿಸಿ ಕಂದು ಬಣ್ಣವಾಗಿಸಿದರು. 2017ರಲ್ಲಿ ವಿಂಡೋಸ್ 10 ತನ್ನ ಕನ್ಸೋಲಿನ ಬಣ್ಣಗಳನ್ನೇ ಬದಲಿಸಿತು: (0, 0, 128) ಇದ್ದ ಗಾಢ ನೀಲಿ (0, 55, 218) ಆಯಿತು. ಕಪ್ಪಿನ ಮೇಲೆ ಹಳೆಯ ನೀಲಿಯನ್ನು ಓದುವುದು ನಿಜಕ್ಕೂ ಕಷ್ಟವಾಗಿತ್ತು. ಆದರೆ ಈ ಎರಡೂ ಸಂದರ್ಭಗಳಲ್ಲಿ ಬದಲಾದದ್ದು ಪಟ್ಟಿ. ಒಂದು ಸಂಖ್ಯೆಗೆ ಒಂದು ಹೊಸ ಬಣ್ಣ, ಎಲ್ಲೆಡೆಯೂ ಅದೇ ಬಣ್ಣ. 2022ರ ಬದಲಾವಣೆ ಹಾಗಲ್ಲ. ಇಲ್ಲಿ ಪಟ್ಟಿ ಹಾಗೆಯೇ ಉಳಿಯುತ್ತದೆ. ಪ್ರತಿ ಅಕ್ಷರವನ್ನು ಬರೆಯುವಾಗ ಅದರ ಹಿನ್ನೆಲೆಯನ್ನು ನೋಡಿ, ಅಗತ್ಯ ಕಂಡರೆ ಅಲ್ಲಿಗಷ್ಟೇ ಬಣ್ಣ ತಿದ್ದಲಾಗುತ್ತದೆ. ಥೀಮಿನ ಕಡತದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

4.5 ಎಲ್ಲಿಂದ ಬಂತು?

ಈ ಅಂಕಿಯನ್ನು ಯಾರೋ ಬಾಯಿಗೆ ಬಂದಂತೆ ಹೇಳಿದ್ದಲ್ಲ. ಡಬ್ಲ್ಯೂ3ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ 2008ರಲ್ಲಿ ಪ್ರಕಟಿಸಿದ, ದೃಷ್ಟಿ ಮಂದವಾದವರೂ ಓದಬಲ್ಲ ಪುಟಗಳನ್ನು ರೂಪಿಸುವ ಮಾರ್ಗಸೂಚಿಯಲ್ಲಿ ಅದು ಇದೆ. ಭಾರತ ಸರ್ಕಾರದ ಜಾಲತಾಣಗಳಿಗೆಂದು 2009ರಲ್ಲಿ ಬಂದ ಮಾರ್ಗಸೂಚಿಯೂ ಅದನ್ನೇ ಆಧರಿಸಿದೆ. ಸಾಮಾನ್ಯ ದೃಷ್ಟಿಯವರಿಗೆ 3ರ ಅನುಪಾತ ಸಾಕು ಎಂಬುದು ಹಿಂದಿನ ಮಾನಕ. 20/40 ದೃಷ್ಟಿಯವರಿಗೆ, ಅಂದರೆ ನಮ್ಮ ಕಣ್ಣಿನ ವೈದ್ಯರು 6/12 ಎಂದು ಬರೆಯುವವರಿಗೆ, ವ್ಯತ್ಯಾಸ ಗುರುತಿಸುವ ಶಕ್ತಿ ಸುಮಾರು ಒಂದೂವರೆ ಪಟ್ಟು ಕಡಿಮೆ. 3 ಗುಣಿಸು 1.5 ಎಂದರೆ 4.5. ದೃಷ್ಟಿ ಇನ್ನೂ ಕಡಿಮೆ ಇರುವವರಿಗಾಗಿ 7 ಎಂಬ ಇನ್ನೊಂದು ಮಟ್ಟವೂ ಇದೆ.

ಅನುಪಾತವನ್ನು ಲೆಕ್ಕ ಹಾಕುವುದು ಹೇಗೆ? ಪ್ರತಿ ಬಣ್ಣವೂ ಕೆಂಪು, ಹಸುರು, ನೀಲಿಗಳ ಮೂರು ಸಂಖ್ಯೆಗಳು, ಪ್ರತಿಯೊಂದೂ 0ರಿಂದ 255. ಈ ಸಂಖ್ಯೆಗಳು ಬೆಳಕಿಗೆ ನೇರ ಅನುಪಾತದಲ್ಲಿಲ್ಲ. 128 ಎಂದರೆ ಅರ್ಧ ಬೆಳಕಲ್ಲ, ಸುಮಾರು ಐದನೇ ಒಂದು ಭಾಗ. ಮೊದಲು 255ರಿಂದ ಭಾಗಿಸಿ, 0.055 ಕೂಡಿಸಿ, 1.055ರಿಂದ ಭಾಗಿಸಿ, 2.4ರ ಘಾತಕ್ಕೇರಿಸಬೇಕು (ತೀರ ಚಿಕ್ಕ ಸಂಖ್ಯೆಗಳಿಗೆ ಬೇರೆ ಸೂತ್ರವಿದೆ). ಅನಂತರ ಕೆಂಪಿಗೆ 0.2126, ಹಸುರಿಗೆ 0.7152, ನೀಲಿಗೆ 0.0722 ತೂಕ ಕೊಟ್ಟು ಕೂಡಿಸಿದರೆ ಬರುವುದನ್ನು ‘ಪ್ರಭೆ’ ಎನ್ನೋಣ. ಕಪ್ಪಿಗೆ 0, ಬಿಳಿಗೆ 1. ಹೆಚ್ಚಿನ ಪ್ರಭೆಗೆ 0.05 ಕೂಡಿಸಿ, ಕಡಿಮೆ ಪ್ರಭೆಗೂ 0.05 ಕೂಡಿಸಿ, ಮೊದಲಿನದನ್ನು ಎರಡನೆಯದರಿಂದ ಭಾಗಿಸಿದರೆ ಅನುಪಾತ. ಬಿಳಿ-ಕಪ್ಪಿಗೆ ಅದು 21.

ನೀಲಿಯ ತೂಕ ಎಷ್ಟು ಕಡಿಮೆ, ನೋಡಿ. ಶುದ್ಧ ಹಸುರು ಕಪ್ಪಿನ ಮೇಲೆ 15.3 ಕೊಟ್ಟರೆ ಶುದ್ಧ ನೀಲಿ ಕೊಡುವುದು 2.4 ಮಾತ್ರ. ವಿಂಡೋಸಿನ ಹಳೆಯ ಗಾಢ ನೀಲಿಯದು 1.3. ಬದಲಾಯಿಸಿದ ನೀಲಿಯದೂ, ಅದರ ಹೊಸ ಕಪ್ಪಿನ ಮೇಲೆ, 2.4ರ ಆಸುಪಾಸು. ಇದು ಗಣಕದ ದೋಷವಲ್ಲ, ಕಣ್ಣಿನ ಸ್ವಭಾವ. (ಕಣ್ಣು ಬಣ್ಣವನ್ನು ಗ್ರಹಿಸುವ ಬಗೆಯ ಕುರಿತು ಸರ್ ಸಿ.ವಿ. ರಾಮನ್ ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳಲ್ಲಿ ದುಡಿದು, 1968ರಲ್ಲಿ ಗ್ರಂಥವನ್ನೇ ಪ್ರಕಟಿಸಿದರೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳುವವರು ಕಡಿಮೆ. ರಾಮನ್ ಪರಿಣಾಮದ ಆಚೆಗೂ ರಾಮನ್ ಇದ್ದಾರೆ.)

ನಮ್ಮಲ್ಲಿ ಬಹಳ ವರ್ಷ ಬಳಕೆಯಲ್ಲಿದ್ದ ಟರ್ಬೋ ಸಿ ತೆರೆಯ ನೆನಪು ಅನೇಕ ಶಿಕ್ಷಕರಿಗೆ ಇದ್ದೇ ಇರುತ್ತದೆ: ನೀಲಿ ನೆಲದ ಮೇಲೆ ಹಳದಿ ಅಕ್ಷರ. ಅದನ್ನು ಹಳೆಯ ಕಾಲದ ಅಭಿರುಚಿಯೆಂದು ಇಂದಿನ ಹುಡುಗರು ನಗುತ್ತಾರೆ. ಲೆಕ್ಕ ಹಾಕಿ ನೋಡಿ. ನೀಲಿ (0, 0, 170), ಹಳದಿ (255, 255, 85). ಅನುಪಾತ ಸುಮಾರು 12.5! ಇಂದಿನ ಎಷ್ಟೋ ‘ಸುಂದರ’ ಥೀಮುಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಬೂದಿಯ ಮೇಲೆ ಬೂದು ಬಳಿಯುವ ಈ ಹವ್ಯಾಸವೇ 4.5ರ ನಿಯಮವನ್ನು ಅನಿವಾರ್ಯವಾಗಿಸಿತು ಎಂದರೆ ತಪ್ಪಾಗದು. ಆದ್ದರಿಂದ ನಿಯಮದ ಉದ್ದೇಶಕ್ಕೆ ನನ್ನ ಪೂರ್ಣ ಬೆಂಬಲವಿದೆ. ತಕರಾರಿರುವುದು ಅದನ್ನು ಜಾರಿಗೊಳಿಸಿದ ಬಗೆಗೆ.

ಸುಣ್ಣ ಬೆರೆಸುವ ಕ್ರಮ

ಈ ಎಡಿಟರಿನ ಟರ್ಮಿನಲ್ ಭಾಗದ ಹೆಸರು ಎಕ್ಸ್‌ಟರ್ಮ್-ಜೆಎಸ್. ಅದರ ಆಕರ ಸಂಕೇತ ಎಲ್ಲರಿಗೂ ಮುಕ್ತ, ಆದ್ದರಿಂದ ತಿದ್ದುಪಡಿಯ ಕ್ರಮವನ್ನು ಓದಿಯೇ ತಿಳಿಯಬಹುದು. ಅಕ್ಷರ ಹಿನ್ನೆಲೆಗಿಂತ ಬೆಳ್ಳಗಿದ್ದು ಅನುಪಾತ ಸಾಲದಿದ್ದರೆ, ಮೂರೂ ಸಂಖ್ಯೆಗಳಿಗೆ 255 ಮುಟ್ಟಲು ಎಷ್ಟು ಬಾಕಿಯಿದೆಯೋ ಅದರ ಹತ್ತನೇ ಒಂದು ಭಾಗವನ್ನು ಕೂಡಿಸುತ್ತದೆ. ಮತ್ತೆ ಅನುಪಾತ ನೋಡುತ್ತದೆ. ಸಾಲದಿದ್ದರೆ ಮತ್ತೆ ಕೂಡಿಸುತ್ತದೆ. ಗೋಡೆಯ ಬಣ್ಣ ಗಾಢವಾಯಿತೆಂದು ಬಕೇಟಿಗೆ ಒಂದೊಂದೇ ಸೌಟು ಸುಣ್ಣ ಹಾಕಿ ಕಲಸುವಂತೆ! ಬಣ್ಣ ಬೆಳ್ಳಗಾಗುತ್ತದೆ ನಿಜ, ಜೊತೆಗೆ ಅದರ ಗಾಢತೆಯೂ ಹೋಗುತ್ತದೆ. ಶುದ್ಧ ನೀಲಿ ಕಪ್ಪಿನ ಮೇಲೆ ಐದು ಹೆಜ್ಜೆಗಳಲ್ಲಿ (106, 106, 255) ಆಗಿ ನೇರಳೆಯ ಕಡೆಗೆ ವಾಲಿದ ತಿಳಿ ನೀಲಿಯಾಗುತ್ತದೆ.

ಈಗ ನಮ್ಮ ವಿದ್ಯಾರ್ಥಿನಿಯ ಕೆಂಪನ್ನು ನೋಡೋಣ. ಎಡಿಟರಿನ ಗಾಢ ಥೀಮಿನಲ್ಲಿ 31ನೇ ಸಂಖ್ಯೆಯ ಕೆಂಪು (205, 49, 49). 2022ರಲ್ಲಿದ್ದ ಹಿನ್ನೆಲೆ (30, 30, 30). ಅನುಪಾತ ಸುಮಾರು 3.2. ಸಾಲದು. ಒಂದು ಹೆಜ್ಜೆಗೆ 3.7, ಎರಡನೆಯದಕ್ಕೆ 4.3, ಮೂರನೆಯದಕ್ಕೆ 5.0. ಉಳಿಯುವ ಬಣ್ಣ (219, 106, 106). ಇದೇ ಆ ಮಾಸಿದ ಗುಲಾಬಿ.

ಅದೇ ಥೀಮಿನಲ್ಲಿ 91ನೇ ಸಂಖ್ಯೆಗೆ ‘ಉಜ್ವಲ ಕೆಂಪು’ ಎಂಬ ಇನ್ನೊಂದು ಬಣ್ಣವಿದೆ: (241, 76, 76). ಅದರ ಅನುಪಾತ ಸುಮಾರು 4.7, ಆದ್ದರಿಂದ ನಿಯಮ ಅದನ್ನು ಮುಟ್ಟುವುದಿಲ್ಲ. ಎರಡರ ಪ್ರಭೆಯನ್ನು ಹೋಲಿಸಿ. ಉಜ್ವಲ ಕೆಂಪಿನದು 0.244. ತಿದ್ದಿದ ಸಾಮಾನ್ಯ ಕೆಂಪಿನದು 0.264! ಸಾಮಾನ್ಯವಾದದ್ದು ಉಜ್ವಲವಾದದ್ದಕ್ಕಿಂತ ಬೆಳ್ಳಗಾಗಿದೆ. ಸಾಧಾರಣ ಎಚ್ಚರಿಕೆಗೆ ಒಂದು, ಗಂಭೀರ ತಪ್ಪಿಗೆ ಇನ್ನೊಂದು ಎಂದು ಯಾರಾದರೂ ಈ ಎರಡು ಕೆಂಪುಗಳನ್ನು ಬಳಸಿದ್ದರೆ, ಅವುಗಳ ಕ್ರಮವೇ ತಲೆಕೆಳಗಾಯಿತು. ಹಿನ್ನೆಲೆ (30, 30, 30)ರ ಬದಲು (24, 24, 24) ಇದ್ದರೆ ತಿದ್ದುಪಡಿ ಎರಡೇ ಹೆಜ್ಜೆಗೆ ನಿಲ್ಲುತ್ತದೆ, ಬಣ್ಣ (215, 89, 89) ಆಗುತ್ತದೆ, ತಲೆಕೆಳಗಾಗುವುದು ತಪ್ಪುತ್ತದೆ. ಈ ಎರಡು ಕಪ್ಪುಗಳ ನಡುವಿನ ಅಂತರ ಬರಿಗಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಕಾಣದ ಕಾರಣಕ್ಕೆ ಕಾಣುವ ಪರಿಣಾಮ. ಪ್ರಯೋಗಾಲಯದಲ್ಲಿ ತಲೆ ಕೆಡಿಸುವ ದೋಷಗಳೆಲ್ಲ ಈ ಜಾತಿಯವೇ.

ಬೂದು ಅಕ್ಷರಗಳ ಕಥೆ ಇನ್ನೂ ಸ್ವಾರಸ್ಯದ್ದು. ಸೂಚನೆಗಳಿಗೆ ಬಳಸುವ (102, 102, 102) ಬಣ್ಣ 2.9ರಿಂದ ಹೊರಟು ಎರಡನೇ ಹೆಜ್ಜೆಗೆ 4.46ಕ್ಕೆ ಬರುತ್ತದೆ. ಕೂದಲೆಳೆಯಷ್ಟು ಕಡಿಮೆ! ಆದ್ದರಿಂದ ಇನ್ನೊಂದು ಹೆಜ್ಜೆ, 5.3ಕ್ಕೆ. ಬೂದು 102ರಿಂದ 145ಕ್ಕೆ ಏರಿತು. ‘ಇದು ನೀನು ಬರೆದದ್ದಲ್ಲ, ನಾನು ಸೂಚಿಸುತ್ತಿರುವುದು’ ಎಂದು ಹೇಳಲೆಂದೇ ಆ ಅಕ್ಷರಗಳನ್ನು ಮಸುಕಾಗಿ ಇಟ್ಟಿದ್ದರು. ಮಸುಕು ಅಲ್ಲಿ ಕೊರತೆಯಲ್ಲ, ಅರ್ಥ. ನಿಯಮಕ್ಕೆ ಆ ಭೇದ ತಿಳಿಯದು.

ಇನ್ನೊಂದು ಮಾತು. 4.5ರ ಮಾರ್ಗಸೂಚಿಯು 18 ಪಾಯಿಂಟ್ ಅಥವಾ 14 ಪಾಯಿಂಟ್ ದಪ್ಪ ಅಕ್ಷರಗಳಿಗೆ 3 ಸಾಕು ಎನ್ನುತ್ತದೆ. ಈ ಅಳತೆಗಳು ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡವು. ನಮ್ಮ ಒತ್ತಕ್ಷರಗಳನ್ನು ಗಮನಿಸಿ. 14 ಪಾಯಿಂಟಿನ ಕನ್ನಡದಲ್ಲಿ ಒತ್ತು ಮೂಲ ಅಕ್ಷರಕ್ಕಿಂತ ಎಷ್ಟೋ ಚಿಕ್ಕದು, ಅದರ ಗೆರೆ ಇನ್ನೂ ಸಣ್ಣದು. ತಿರುಳ್ಗನ್ನಡದ ನಾಡೆಂದು ಹೆಸರಾದ ಪುಲಿಗೆರೆಯಲ್ಲಿ, ಅಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ ಕುಳಿತು ಯಾರಾದರೂ ಟರ್ಮಿನಲ್ಲಿನಲ್ಲಿ ಕನ್ನಡ ಮುದ್ರಿಸಿ ನೋಡಲಿ. ಪ್ರತಿ ಅಕ್ಷರಕ್ಕೂ ಸಮಾನ ಅಗಲದ ಮನೆ ಕೊಡುವ ಟರ್ಮಿನಲ್ಲಿನ ಪದ್ಧತಿಯಲ್ಲಿ ಗುಣಿತ, ಒತ್ತುಗಳು ಒಂದರ ಮೇಲೊಂದು ಬೀಳುತ್ತವೆ ಇಲ್ಲವೇ ದೂರ ಸರಿಯುತ್ತವೆ. ಅಕ್ಷರದ ರೂಪವೇ ಸರಿಯಿಲ್ಲದ ಕಡೆ ಬಣ್ಣದ ಅನುಪಾತಕ್ಕೆ ಇಷ್ಟು ಶ್ರದ್ಧೆ ತೋರುವುದು, ಮಾಡು ಸೋರುವ ಮನೆಗೆ ಬಣ್ಣ ಹೊಡೆದಂತೆ.

ದೋಷ ಎಲ್ಲಿದೆ?

ಬಣ್ಣ ಬದಲಾಗಿದೆ ಎಂದರೆ ದೋಷ ಕನಿಷ್ಠ ನಾಲ್ಕೈದು ಕಡೆ ಇರಬಹುದು. ಪ್ರೋಗ್ರಾಂ ಬೇರೆ ಸಂಖ್ಯೆ ಕಳುಹಿಸುತ್ತಿರಬಹುದು. ಥೀಮ್ ಬದಲಾಗಿರಬಹುದು, 2023ರಲ್ಲಿ ಈ ಎಡಿಟರಿನ ಪೂರ್ವನಿಯೋಜಿತ ಥೀಮೇ ಬದಲಾಯಿತು. ದಪ್ಪ ಅಕ್ಷರಗಳನ್ನು ಉಜ್ವಲ ಬಣ್ಣದಲ್ಲಿ ತೋರಿಸುವ ಆಯ್ಕೆ ಕೆಲಸ ಮಾಡುತ್ತಿರಬಹುದು. ಹಳೆಯ ಗ್ರಾಫಿಕ್ಸ್ ಚಿಪ್ ಹೊಸ ಆವೃತ್ತಿಗೆ ಹೊಂದದೆ ಇರಬಹುದು. ಅಥವಾ ನಮ್ಮ 4.5. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ದೋಷ ಹೋದರೂ ಕಾರಣ ತಿಳಿಯುವುದಿಲ್ಲ. ಓಮನ ನಿಯಮದ ಪ್ರಯೋಗದಲ್ಲಿ ವಿಭವವನ್ನೂ ರೋಧವನ್ನೂ ಒಟ್ಟಿಗೆ ಬದಲಿಸುತ್ತೇವೆಯೆ?

ಪೈಥಾನಿನ ಪ್ರಿಂಟ್ ಆಜ್ಞೆಯಲ್ಲಿ, ಉದ್ಧರಣ ಚಿಹ್ನೆಗಳ ನಡುವೆ \033[38;2;205;49;49 ಎಂದು ಬರೆದು, ಅದಕ್ಕೆ ತಾಗಿಯೇ ಇಂಗ್ಲಿಷಿನ ಚಿಕ್ಕ ‘ಎಂ’ ಅಕ್ಷರ ಇಟ್ಟು, ಮುಂದೆ ಯಾವುದಾದರೂ ಪದ ಬರೆಯಿರಿ. ಇದು 31ರಂತೆ ಪಟ್ಟಿಯ ಬಣ್ಣವಲ್ಲ. ಮೂರು ಸಂಖ್ಯೆಗಳನ್ನು ನಾವೇ ಕೊಟ್ಟ ಬಣ್ಣ. ಥೀಮಿನ ಪಟ್ಟಿ ಇದನ್ನು ಬದಲಿಸಲಾರದು. ಪದದ ಪಕ್ಕದಲ್ಲೇ, ಅದೇ ಬಣ್ಣದಲ್ಲಿ, ಯೂನಿಕೋಡ್ ಪಟ್ಟಿಯ 9608ನೇ ಚಿಹ್ನೆಯನ್ನೂ ಮುದ್ರಿಸಿ. ಅದೊಂದು ತುಂಬಿದ ಚೌಕ. ಚೌಕಗಳಿಗೂ ಗೆರೆಗಳ ಚಿಹ್ನೆಗಳಿಗೂ 4.5ರ ನಿಯಮ ಅನ್ವಯಿಸದಂತೆ ಟರ್ಮಿನಲ್ಲಿನಲ್ಲಿ ವಿನಾಯಿತಿ ಕೊಟ್ಟಿದ್ದಾರೆ, ಅವು ಓದುವ ಅಕ್ಷರಗಳಲ್ಲವೆಂದು. ಚೌಕ ಅಚ್ಚ ಕೆಂಪಾಗಿಯೂ ಪಕ್ಕದ ಪದ ಗುಲಾಬಿಯಾಗಿಯೂ ಕಂಡರೆ ದೋಷಿ ಸಿಕ್ಕಿಬಿದ್ದಂತೆ. ಎರಡೂ ಅಚ್ಚ ಕೆಂಪಾಗಿದ್ದು 31ರ ಕೆಂಪು ಮಾತ್ರ ಬೇರೆಯಾಗಿದ್ದರೆ ಥೀಮನ್ನು ನೋಡಿ. ದಪ್ಪ ಅಕ್ಷರಗಳಲ್ಲಿ ಮಾತ್ರ ವ್ಯತ್ಯಾಸವಿದ್ದರೆ ಉಜ್ವಲ ಬಣ್ಣದ ಆಯ್ಕೆಯನ್ನು ನೋಡಿ. ಅಕ್ಷರಗಳ ಆಕಾರವೇ ಒಡೆದಿದ್ದರೆ, ಚೂರು ಚೂರಾಗಿ ಕಂಡರೆ, ಟರ್ಮಿನಲ್ಲಿನ ಜಿಪಿಯು ಆಕ್ಸಿಲರೇಷನ್ ಎಂಬ ಆಯ್ಕೆಯನ್ನು ಆಫ್ ಮಾಡಿ ನೋಡಬೇಕು.

ಕಣ್ಣನ್ನೇ ನಂಬಬೇಡಿ. ಒಂದೇ ಬಣ್ಣ ಬಿಳಿಯ ಪಕ್ಕದಲ್ಲಿ ಒಂದು ರೀತಿ, ಕಪ್ಪಿನ ಪಕ್ಕದಲ್ಲಿ ಇನ್ನೊಂದು ರೀತಿ ಕಾಣುತ್ತದೆ. ತೆರೆಯ ಚಿತ್ರವನ್ನು ಸೆರೆಹಿಡಿದು, ಚಿತ್ರ ಬಿಡಿಸುವ ಯಾವುದಾದರೂ ತಂತ್ರಾಂಶದಲ್ಲಿ ತೆರೆದು, ಬಣ್ಣ ಹೆಕ್ಕುವ ಸಾಧನದಿಂದ ಸಂಖ್ಯೆಗಳನ್ನು ಓದಿ. ಅಕ್ಷರದ ಅಂಚುಗಳಲ್ಲಿ ಬಣ್ಣ ಹಿನ್ನೆಲೆಯೊಂದಿಗೆ ಬೆರೆತಿರುತ್ತದೆ. ಆದ್ದರಿಂದ ಅಕ್ಷರವನ್ನು ಸಾಕಷ್ಟು ದೊಡ್ಡದು ಮಾಡಿ ಗೆರೆಯ ನಡುಭಾಗದಿಂದ ಅಳತೆ ತೆಗೆದುಕೊಳ್ಳಬೇಕು. ಅದೇ ಬಣ್ಣವನ್ನು ಬಿಳಿ ಹಿನ್ನೆಲೆಯ ಮೇಲೂ ಮುದ್ರಿಸಿದರೆ ಪ್ರಯೋಗ ಪೂರ್ಣವಾಗುತ್ತದೆ. ಬಿಳಿಯ ಮೇಲೆ (205, 49, 49)ರ ಅನುಪಾತ 5.1, ಅಲ್ಲಿ ಅದು ತಿದ್ದುಪಡಿಯಿಲ್ಲದೆ ಹಾಗೆಯೇ ಉಳಿಯುತ್ತದೆ. ಈ ಪ್ರಯೋಗಕ್ಕೆ ಹತ್ತು ನಿಮಿಷ ಸಾಕು, ಬಿ.ಎಸ್ಸಿ. ವಿದ್ಯಾರ್ಥಿಗಳಿಂದ ಪ್ರಭೆಯ ಕೋಷ್ಟಕವನ್ನೇ ಬರೆಸಬಹುದು.

ಕಾರಣ ತಿಳಿದ ಮೇಲೆ ಪರಿಹಾರ? ಬೆಲೆಯನ್ನು ಇಡೀ ಪ್ರಯೋಗಾಲಯಕ್ಕೆ 1 ಎಂದು ಇಳಿಸುವವರು ಹಿಂದಿನ ಬೆಂಚಿನ, ಕನ್ನಡಕ ಬೇಕಿದ್ದೂ ಇನ್ನೂ ಮಾಡಿಸಿಕೊಳ್ಳದ ಹುಡುಗನನ್ನು ಮರೆತಿದ್ದಾರೆ. ಕೆಂಪು-ಹಸುರು ಗುರುತಿಸಲಾಗದ ವಿದ್ಯಾರ್ಥಿಗಳೂ ಇರುತ್ತಾರೆ, ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಅವರಲ್ಲಿ ಕೆಲವರಿಗೆ ಕೆಂಪು ಬಹಳ ಕಪ್ಪಾಗಿಯೇ ಕಾಣುವುದರಿಂದ ಸುಣ್ಣ ಬೆರೆಸಿದ ಕೆಂಪು ಅವರಿಗೆ ಉಪಕಾರವನ್ನೇ ಮಾಡುತ್ತದೆ. ಬಣ್ಣ ಯಥಾವತ್ತಾಗಿ ಕಾಣಲೇಬೇಕಾದ ಕೆಲಸವಿದ್ದರೆ ಆ ಒಂದು ಕೆಲಸದ ಫೋಲ್ಡರಿಗೆ ಮಾತ್ರ 1 ಎಂದಿಡಬಹುದು. ಎಡಿಟರಿನಲ್ಲಿ ಅದಕ್ಕೆ ಅವಕಾಶವಿದೆ. ಉಳಿದ ಕಡೆ ಟರ್ಮಿನಲ್ಲಿನ ಬಣ್ಣಗಳನ್ನೇ 4.5 ದಾಟುವಂತೆ ನಾವು ಆರಿಸಿಕೊಳ್ಳುವುದು ಮೇಲು. ಎಡಿಟರಿನ ‘ಕಲರ್ ಕಸ್ಟಮೈಸೇಷನ್ಸ್’ ಆಯ್ಕೆಯಲ್ಲಿ ಸಾಮಾನ್ಯ ಕೆಂಪಿಗೆ (241, 76, 76) ಕೊಟ್ಟರೆ ನಿಯಮಕ್ಕೆ ಕೆಲಸವೇ ಉಳಿಯುವುದಿಲ್ಲ. ತಯಾರಕರೂ ಮಾಡಬೇಕಿದ್ದದ್ದು ಇದನ್ನೇ. ತಮ್ಮ ನಿಯಮವನ್ನು ತಮ್ಮದೇ ಥೀಮಿನ ಕೆಂಪು, ನೀಲಿ, ಬೂದು ಬಣ್ಣಗಳು ಪಾಲಿಸುತ್ತಿರಲಿಲ್ಲ. ಪಟ್ಟಿಯನ್ನು ತಿದ್ದಿದ್ದರೆ ಎಲ್ಲರಿಗೂ ಕಾಣುತ್ತಿತ್ತು. ಕೊನೆಯ ಕುಂಚದಲ್ಲಿ ಗುಟ್ಟಾಗಿ ತಿದ್ದಿ, ಅದರ ಸುದ್ದಿಯನ್ನು ಹೊಸ ಆವೃತ್ತಿಯ ಉದ್ದದ ಇಂಗ್ಲಿಷ್ ಟಿಪ್ಪಣಿಯಲ್ಲಿ ಬಿಟ್ಟರು. ತಿದ್ದಿದ ಅಕ್ಷರದ ಮೇಲೆ ಮೌಸ್ ಇಟ್ಟರೆ ‘ಮೂಲ ಬಣ್ಣ ಇದು, ತೋರಿಸುತ್ತಿರುವುದು ಇದು’ ಎಂದು ಹೇಳುವ ಒಂದು ಸಾಲು ಸಾಕಿತ್ತು. ಅಳತೆಯ ಉಪಕರಣ ತಾನು ಮಾಡಿದ ತಿದ್ದುಪಡಿಯನ್ನು ಹೇಳಬೇಕೆಂದು ನಾವು ಮೊದಲ ವರ್ಷದ ಪ್ರಯೋಗಾಲಯದಲ್ಲೇ ಕಲಿಸುತ್ತೇವೆ.

ನಮ್ಮ ತರಗತಿಯ ಬೆಳಕು

ಈಗ ಬಾಗಿಲ ಬಿಸಿಲಿಗೆ ಬರೋಣ. ಸೂತ್ರದಲ್ಲಿ ಎರಡೂ ಕಡೆ ಕೂಡಿಸಿದ 0.05 ಏನು ಗೊತ್ತೆ? ಕೋಣೆಯ ಬೆಳಕು ತೆರೆಯ ಮೇಲೆ ಬಿದ್ದು ಮರಳಿ ಕಣ್ಣಿಗೆ ಬರುತ್ತದಲ್ಲ, ಅದರ ಪಾಲು. ಬಿಳಿಯ ನೂರಕ್ಕೆ ಐದರಷ್ಟು ಎಂದು ಅದನ್ನು ಇಟ್ಟುಕೊಂಡಿದ್ದಾರೆ. ಸಾಧಾರಣ ಕಚೇರಿಯ ಮಾನಿಟರಿಗೆ ಅದು ಸರಿ. ಶಿರಹಟ್ಟಿಯಲ್ಲೋ ಮುಂಡರಗಿಯಲ್ಲೋ ಮಾರ್ಚ್ ತಿಂಗಳ ಮಧ್ಯಾಹ್ನ, ಪರದೆಯಿಲ್ಲದ ಕಿಟಕಿಗಳ ತರಗತಿಯಲ್ಲಿ, ಸುಣ್ಣದ ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಟ್ಟರೆ? ಪ್ರೊಜೆಕ್ಟರಿಗೆ ಕಪ್ಪು ಎಂಬುದೇ ಇಲ್ಲ. ಬೆಳಕು ಬೀಳದ ಗೋಡೆಯೇ ಅದರ ಕಪ್ಪು.

ಕಿಟಕಿಯ ಬೆಳಕು ಪ್ರೊಜೆಕ್ಟರಿನ ಬಿಳಿಯ ಐದನೇ ಒಂದು ಭಾಗವಿದೆ ಎಂದುಕೊಳ್ಳಿ. ಇದು ಉದಾರವಾದ ಊಹೆ. 0.05ರ ಜಾಗದಲ್ಲಿ 0.2 ಇಡಿ. ನಿಯಮ ತಿದ್ದಿ 5.0ಕ್ಕೆ ಏರಿಸಿದ ನಮ್ಮ ಗುಲಾಬಿ ಕೆಂಪಿನ ಅನುಪಾತ ಈಗ 2.2. ಗಣಕ ತನ್ನ ಮಟ್ಟಿಗೆ 4.5 ದಾಟಿದೆ ಎಂದು ಸಮಾಧಾನದಿಂದಿರುತ್ತದೆ; ಕೊನೆಯ ಸಾಲಿನಲ್ಲಿ ಕುಳಿತವನಿಗೆ ಏನೂ ಓದಲಾಗದು. ತಿದ್ದದೆ ಬಿಟ್ಟ ಕೆಂಪಿನದು 1.7, ಅಲ್ಲಿಗೆ ಈ ನಿಯಮ ತಂದ ಲಾಭ ಇಷ್ಟೇ. ಅದೇ ಕೋಣೆಯಲ್ಲಿ ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರದ ಅನುಪಾತ 6. ಬಿಳಿಯ ಮೇಲೆ (205, 49, 49)ರ ಮೂಲ ಕೆಂಪು ಕೂಡ 3.4 ಕೊಡುತ್ತದೆ, ಒಂದು ಚಮಚೆ ಸುಣ್ಣವಿಲ್ಲದೆ. ಪ್ರೊಜೆಕ್ಟರ್ ಹಚ್ಚುವ ಮುನ್ನ ಎಡಿಟರನ್ನು ತಿಳಿ ಥೀಮಿಗೆ ಬದಲಿಸಿ, ಅಕ್ಷರದ ಗಾತ್ರವನ್ನು ಹೆಚ್ಚಿಸಿ. ಮೊಬೈಲಿನ ಕ್ಯಾಮರಾವನ್ನು ನಂಬದೆ, ನೀವೇ ಹಿಂದಿನ ಬೆಂಚಿಗೆ ನಡೆದುಹೋಗಿ ಅಲ್ಲಿಂದ ಒಮ್ಮೆ ಓದಿ ನೋಡಿ.